ಅಮ್ಮನ ದನಿಗೊಂದು ಹಾರ್ಡ್ ಡಿಸ್ಕ್

"ಆವಾಜ್ ವಾಲೀ ಹಾರ್ಡ್ ಡಿಸ್ಕ್ ಚಾಹಿಯೇ. ಹೈ ಕ್ಯಾ?"

ಕೌಂಟರಿನ ಹಿಂದೆ ಕುಳಿತಿದ್ದ ಕಶ್ಯಪ ತಲೆಯೆತ್ತಿದ. ವಾಶಿಯಲ್ಲಿ ಅವನು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ತೆರೆದು ಕೆಲವು ವರ್ಷಗಳಾಗಿದ್ದವು. ವೇಗದ ಡಿಸ್ಕ್ ಕೇಳಿದವರಿದ್ದರು, ಅಗ್ಗದ್ದು ಕೇಳಿದವರಿದ್ದರು. ಸದ್ದು ಮಾಡುವುದೇ ಬೇಕು ಎಂದು ಬಂದವಳು ಇವಳೊಬ್ಬಳೇ!

ಅವನಿಗೆ ನಗು ತಡೆಯಲಾಗಲಿಲ್ಲ.

"ಮ್ಯಾಡಮ್, ಸಬ್ ಲೋಗ್ ಸೈಲೆಂಟ್ ಮಾಂಗ್ತೇ ಹೈಂ. ಆಪ್ ಕೋ ಆವಾಜ್ ಕ್ಯೂಂ ಚಾಹಿಯೇ?"

ಮುಕ್ತಾಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿ ಇನ್ನೊಂದು ರೈಲು ಹಿಡಿದು, ಇಡೀ ದಾರಿ ನಿಂತೇ ಬಂದ ದಣಿವು ಬೇರೆ.

"ಎಂತ ಜನ ಮಾರಾಯ್ರೆ! ಕೇಳಿದ್ದನ್ನು ಕೊಡುವುದು ಬಿಟ್ಟು ಹಲ್ಲು ಕಿಸೀತಾರೆ," ಎಂದು ತನ್ನಷ್ಟಕ್ಕೇ ಗೊಣಗಿಕೊಂಡಳು.

"ಕಿಸಿಯಲಿಲ್ಲ ಮ್ಯಾಡಮ್. ಸ್ವಲ್ಪ... ನಕ್ಕೆ ಅಷ್ಟೇ."

ಕನ್ನಡ! ಅದೂ ಊರ ಕಡೆಯ ಕನ್ನಡ! ಮುಕ್ತಾಳ ಕಿವಿ ಬಿಸಿಯಾಯಿತು.

"ನೀವು... ಊರಿನವರಾ?"

"ಅಪ್ಪ, ಅಮ್ಮ ಉಡುಪಿಯವರು. ನಾನು ಹುಟ್ಟಿದ್ದು ಇಲ್ಲಿಯೇ. ಮಾತಾಡ್ಲಿಕ್ಕೆ ಹೋದ್ರೆ ಮಧ್ಯೆ ಹಿಂದಿ ಬರ್ತದೆ, ಮಾಫ್ ಕರ್‌ನಾ." ಅವನು ಈ ಸಲ ನಗದೆ ಕೇಳಿದ, "ಮೊದಲನೇ ಸಲ ನೀವೇ ಕಂಪ್ಯೂಟರ್ ಜೋಡಿಸ್ತಾ ಇದ್ದೀರಾ?"

"ಹ್ಞೂಂ. ಕ್ಯಾಬಿನೆಟ್, ಮದರ್‌ಬೋರ್ಡ್ ಎಲ್ಲ ತಂದಾಗಿದೆ. ಡಿಸ್ಕ್ ಯಾವುದು ಹಾಕಬೇಕು ಅಂತಲೇ ಗೊತ್ತಾಗ್ತಾ ಇಲ್ಲ."

ಕಶ್ಯಪ ಎರಡು ಪೆಟ್ಟಿಗೆ ತೆಗೆದು ಗಾಜಿನ ಮೇಲಿಟ್ಟ. ಒಂದರಲ್ಲಿ ಬೆರಳುದ್ದದ ಪಟ್ಟಿ. ಇನ್ನೊಂದರಲ್ಲಿ ಇಟ್ಟಿಗೆಯ ತುಂಡಿನಂತೆ ಭಾರವಾದ ಹಾರ್ಡ್ ಡಿಸ್ಕ್.

"ಈ ಪಟ್ಟಿ ಎಸ್ಎಸ್‌ಡಿ. ಒಳಗೆ ತಿರುಗುವುದು ಏನೂ ಇಲ್ಲ. ಸದ್ದಿಲ್ಲ, ಭಾರೀ ಫಾಸ್ಟ್. ಆದ್ರೆ ಹೆಚ್ಚಾಗಿ ಹೇಳದೆ ಹೋಗ್ತದೆ. ಇವತ್ತು ಸರಿ ಇರ್ತದೆ, ನಾಳೆ ಬೆಳಿಗ್ಗೆ ಇಲ್ಲ! ಈ ಹಾರ್ಡ್ ಡಿಸ್ಕ್ ನಿಧಾನ. ತಿರುಗ್ತದೆ, ಗೊಣಗ್ತದೆ. ಹೋಗುವ ಮೊದಲು ಕಟ್ ಕಟ್ ಅಂತ ಒಂದು ಮಾತು ಹೇಳಿ..."

ಅವನ ಮಾತು ಅರ್ಧಕ್ಕೇ ನಿಂತಿತು. ಎದುರಿಗಿದ್ದವಳ ಕಣ್ಣು ತುಂಬಿತ್ತು.

"ನನಗೆ ಹೇಳದೆ ಹೋಗುವುದು ಬೇಡ," ಎಂದಳು ಮುಕ್ತಾ, ತುಟಿ ಕಚ್ಚಿಕೊಂಡು. "ನಮ್ಮಮ್ಮ ಹಾಗೆಯೇ ಹೋದ್ರು. ಮಧ್ಯಾಹ್ನ ಊಟ ಬಡಿಸಿ ಮಲಗಿದವರು, ಏಳಲೇ ಇಲ್ಲ."

ಕಶ್ಯಪನಿಗೆ ತನ್ನ ಮೊದಲಿನ ನಗು ನೆನಪಾಗಿ ನಾಚಿಕೆಯಾಯಿತು.

"ಅವರ ಫೋಟೋ ಉಂಟಾ ಹಳೆಯ ಕಂಪ್ಯೂಟರಿನಲ್ಲಿ?" ಮೆಲ್ಲಗೆ ಕೇಳಿದ.

"ಫೋಟೋ ಅಲ್ಲ. ದನಿ."

ಅಪರಿಚಿತನೊಬ್ಬನಿಗೆ ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ. ಆದರೆ ಹೇಳಿದಳು.

ಅವಳ ಅಮ್ಮ ಸುಗುಣಾ ಭಜನಾ ಮಂಡಳಿಗೆ ಹಾಡುತ್ತಿದ್ದವರು. ಮಂಡಳಿಯ ಹೆಂಗಸರಿಗೆ ಕಲಿಸಲೆಂದು ಮನೆಯ ಕಂಪ್ಯೂಟರಿನಲ್ಲೇ ಹಾಡಿ ತುಂಬಿಸಿಟ್ಟಿದ್ದರು. ಅವರು ಹೋಗಿ ಎರಡು ವರ್ಷ. ಅಪ್ಪ ಪುಂಡರೀಕಾಕ್ಷ ರಾಯರು ಠಾಣೆಯ ಹೋಟೆಲನ್ನು ತಮ್ಮನಿಗೆ ಬಿಟ್ಟು ಮನೆಯಲ್ಲೇ ಉಳಿದರು. ದಿನವೂ ಸಂಜೆ ದೇವರಿಗೆ ದೀಪ ಹಚ್ಚಿ, ಆ ಹಳೆಯ ಯಂತ್ರದ ಎದುರು ಬಂದು ಕೂರುತ್ತಾರೆ. ಡಿಸ್ಕ್ ಕರ್ ಕರ್ ಎಂದು ತಿರುಗತೊಡಗುತ್ತದೆ. ಆಮೇಲೆ ಅಮ್ಮನ ದನಿ.

"ಆ ಕರ್ ಕರ್ ಕೇಳಿದ್ರೆ ಅಪ್ಪನಿಗೆ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದ ಹಾಗೆ ಆಗ್ತದಂತೆ. ಹಾಗಾಗಿ ಹೊಸದರಲ್ಲೂ ಸದ್ದು ಬೇಕು," ಎಂದಳು.

"ಕಾಪಿ ಉಂಟಾ?"

"ಇಲ್ಲ. ಅಪ್ಪ ಅದನ್ನು ಮುಟ್ಟಲಿಕ್ಕೆ ಬಿಡುವುದಿಲ್ಲ. ನನಗೂ ಕೈ ಬರ್ಲಿಲ್ಲ. ಈಗ ಮೂರು ಸಲ ಒತ್ತಿದ್ರೆ ಒಂದು ಸಲ ಶುರುವಾಗ್ತದೆ."

ಕಶ್ಯಪನ ಮುಖ ಗಂಭೀರವಾಯಿತು. ಕಂಪ್ಯೂಟರ್ ನಡೆಸಲು ಎಸ್ಎಸ್‌ಡಿ, ಅಮ್ಮನ ದನಿ ಇಡಲು ಹಾರ್ಡ್ ಡಿಸ್ಕ್ ಎಂದು ಎರಡನ್ನೂ ಚೀಲಕ್ಕೆ ಹಾಕಿಕೊಟ್ಟ.

"ಹಳೆಯದನ್ನು ಬಿಚ್ಚುವಾಗ ನನ್ನನ್ನು ಕರೀರಿ. ನಾನೇ ಡೊಂಬಿವಲಿಗೆ ಬರ್ತೇನೆ."

ಬೇಡ ಅನ್ನಬೇಕೆಂದುಕೊಂಡಳು. ಬಾಯಿಂದ ಬಂದದ್ದು ಬೇರೆಯೇ... "ನಂಬರ್ ಕೊಡಿ."

ಆ ನಂಬರು ಸುಮ್ಮನೆ ಕೂರಲಿಲ್ಲ ಬಿಡಿ! ಈ ಕೇಬಲ್ ಎಲ್ಲಿಗೆ, ಆ ಸ್ಕ್ರೂ ಯಾವುದಕ್ಕೆ ಎಂದು ಶುರುವಾದ ಮಾತು, ಊಟ ಆಯ್ತಾ ಎಂಬಲ್ಲಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಎರಡು ವರ್ಷಗಳಿಂದ ಆಫೀಸು, ಮನೆ, ಸಂಜೆಯ ಆ ದನಿ ಇಷ್ಟರಲ್ಲೇ ಕಳೆದುಹೋಗಿದ್ದ ಮುಕ್ತಾ, ಕನ್ನಡಿಯ ಮುಂದೆ ಒಂದು ಕ್ಷಣ ಹೆಚ್ಚು ನಿಲ್ಲತೊಡಗಿದಳು.

ನವರಾತ್ರಿಯ ಅಷ್ಟಮಿ ಭಾನುವಾರ ಬಂತು. ಕಶ್ಯಪ ಮಧ್ಯಾಹ್ನವೇ ಬಂದ. ಇಬ್ಬರೂ ಊಟದ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಜೋಡಿಸಿದರು. ಎಸ್ಎಸ್‌ಡಿಯ ಚಿಕ್ಕ ಸ್ಕ್ರೂ ಅವಳ ಬೆರಳಿನಿಂದ ಎರಡು ಸಲ ಜಾರಿತು. ಅವನು ಕೈ ಹಿಡಿಯಲಿಲ್ಲ, ಟಾರ್ಚ್ ಮಾತ್ರ ಹತ್ತಿರ ಹಿಡಿದ.

"ಅವಸರ ಇಲ್ಲ. ನಿಮ್ಮ ಮೊದಲ ಕಂಪ್ಯೂಟರ್ ಇದು, ನೀವೇ ಮಾಡ್ಬೇಕು."

*ಇವನು ಒಳ್ಳೆಯವನು...* ಎಂದಿತು ಅವಳ ಮನಸ್ಸು. ಆಮೇಲೆ ತನ್ನನ್ನೇ ಗದರಿಕೊಂಡಿತು.

ಸಂಜೆಯಾಯಿತು. ರಾಯರು ದೀಪ ಹಚ್ಚಿ ಬಂದು ಹಳೆಯ ಯಂತ್ರದ ಗುಂಡಿ ಒತ್ತಿದರು. ಕರ್ ಕರ್... ಕಟ್... ಕರ್ ಕರ್... ಸುಗುಣಾರ ದನಿ ಕೋಣೆ ತುಂಬಿತು. ತೆಳ್ಳಗಿನ, ಒಂಚೂರು ಮೂಗಿನಿಂದ ಬರುವ ದನಿ. ಹಾಡಿನ ನಡುವೆ ಎಲ್ಲೋ ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. ಹಾಡು ನಿಂತಿತು.

"ಇವ್ರೇ... ಕುಕ್ಕರ್ ಕೂಗ್ತಾ ಉಂಟು. ಗ್ಯಾಸ್ ಒಂಚೂರು ಆರಿಸಿ ಮಾರಾಯ್ರೆ."

"ಹ್ಞಾ, ಬಂದೆ," ಎಂದರು ರಾಯರು.

ಎದ್ದರು. ಅಡುಗೆಮನೆಗೆ ಹೋದರು. ಉರಿಯದೆ ಇದ್ದ ಒಲೆಯ ಗುಂಡಿ ಮುಟ್ಟಿ, ತಿರುಗಿಸಿ ನೋಡಿ, ವಾಪಸು ಬಂದು ಕುಳಿತರು. ಹಾಡು ಮುಂದುವರಿಯಿತು.

ಕಶ್ಯಪ ಅಡುಗೆಮನೆಯ ಬಾಗಿಲನ್ನೇ ನೋಡಿದ. ಮುಕ್ತಾ ಅವನ ಕಡೆ ನೋಡಲಿಲ್ಲ. ಮನೆಯ ನೋವನ್ನು ಹೊರಗಿನವನೊಬ್ಬ ಮೊದಲ ಸಲ ಕಂಡಿದ್ದ.

ಹಾಡು ಮುಗಿದ ಮೇಲೆ ರಾಯರು ತಲೆಯಾಡಿಸಿ ಒಪ್ಪಿ, ಬಿಚ್ಚುವುದನ್ನು ನೋಡಲಾರದೆ ಮಗಳ ಜೊತೆ ಒಳಗೆ ಹೋದರು. ಅವನು ಹಳೆಯ ಡಿಸ್ಕನ್ನು ಮೆಲ್ಲಗೆ ಬಿಚ್ಚಿ ತೆಗೆದ. ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟು, ಅವರು ಹೊರಗೆ ಬಂದಾಗ ಹೇಳಿದ.

"ಅಂಕಲ್, ಇವತ್ತೇ ಹೊಸದಕ್ಕೆ ಕಾಪಿ ಹಾಕಿಬಿಡುವಾ. ಇದರ ಸದ್ದು ಸರಿ ಇಲ್ಲ."

"ಇವತ್ತು ಬೇಡ ಮಾರಾಯ. ನಾಳೆ ಆಯುಧ ಪೂಜೆ, ಯಂತ್ರ ಮುಟ್ಟುವ ಹಾಗಿಲ್ಲ. ನಾಡಿದ್ದು ವಿಜಯದಶಮಿ. ಒಳ್ಳೆಯ ಕೆಲಸ ಅವತ್ತೇ ಶುರು ಮಾಡ್ಬೇಕು. ಒಂದು ಸಂಜೆ ನಾನು ತಡ್ಕೊಳ್ತೇನೆ."

ಕಶ್ಯಪ ಮುಕ್ತಾಳ ಮುಖ ನೋಡಿದ.

"ಅಪ್ಪ ಹೇಳಿದ ಹಾಗೆಯೇ ಆಗಲಿ," ಎಂದಳು ಅವಳು.

ಮರುದಿನ ರಾಯರು ಬೆಳಿಗ್ಗೆಯೇ ಠಾಣೆಗೆ ಹೋಗಿ ಹೋಟೆಲಿನ ರುಬ್ಬುವ ಯಂತ್ರ, ತಕ್ಕಡಿ, ಗಲ್ಲಾಪೆಟ್ಟಿಗೆಗಳಿಗೆಲ್ಲ ಪೂಜೆ ಮಾಡಿ ಬಂದರು. ಆಮೇಲೆ ಮನೆಯದ್ದು. ಗಂಧ ತೇದು, ಮಿಕ್ಸಿಗೆ, ಮುಕ್ತಾಳ ಸ್ಕೂಟರಿಗೆ, ಹೊಸ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ಹಚ್ಚಿದರು. ಕೊನೆಗೆ, ಬಟ್ಟೆಯ ಮೇಲೆ ಮಲಗಿದ್ದ ಹಳೆಯ ಡಿಸ್ಕಿಗೆ. ಅದಕ್ಕೆ ಮಾತ್ರ ಎಲ್ಲಕ್ಕಿಂತ ದಪ್ಪ ಗಂಧ, ಮೇಲೆ ಕುಂಕುಮ, ಅಕ್ಷತೆ, ಒಂದು ಚೆಂಡುಹೂವು. ಹೆಂಡತಿಯ ಹಣೆಗೆ ಇಟ್ಟಷ್ಟು ಮೆಲ್ಲಗೆ ಇಟ್ಟರು. ಮುಕ್ತಾ ಕಣ್ಣೊರೆಸಿಕೊಂಡು ಆರತಿಯ ತಟ್ಟೆ ಹಿಡಿದಳು.

ದಶಮಿಯ ಬೆಳಿಗ್ಗೆ ಕಶ್ಯಪ ಬಂದಾಗ ರಾಯರು ದೇವರ ಕೋಣೆಯಲ್ಲಿದ್ದರು, ಮುಕ್ತಾ ಪಾಯಸ ತಿರುವುತ್ತಿದ್ದಳು. ಅವನೊಬ್ಬನೇ ಮೇಜಿನ ಬಳಿ ಹೋದ.

ಎಷ್ಟೋ ಹೊತ್ತು ಸದ್ದೇ ಇಲ್ಲ.

ಮುಕ್ತಾ ಹೊರಗೆ ಬಂದಳು. ಕಶ್ಯಪ ಹಳೆಯ ಡಿಸ್ಕಿಗೆ ಕೇಬಲ್ ಸಿಕ್ಕಿಸಿ, ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ಮುಖ ಬಿಳಿಚಿತ್ತು. ಹಿಂದೆಯೇ ರಾಯರೂ ಬಂದರು.

"ಎಂತ ಆಯ್ತು?"

"ತಿರುಗ್ತಾ ಇಲ್ಲ ಅಂಕಲ್." ಅವನು ಕೇಬಲ್ ಕಿತ್ತು ಕೆಳಗಿಟ್ಟ. "ಮೊನ್ನೆ ಬಿಚ್ಚುವಾಗ... ನನ್ನ ಕೈಯಿಂದ ಕೆಳಗೆ ಬಿದ್ದಿತ್ತು. ಗಲ್ತೀ ಮೇರೀ ಹೈ, ನನ್ನದೇ ತಪ್ಪು. ಆಗಲೇ ಹೇಳಲಿಕ್ಕೆ ಧೈರ್ಯ ಆಗಲಿಲ್ಲ."

ಮುಕ್ತಾ ಮೇಜಿನ ಬಳಿ ಬಂದಳು.

"ಬಿತ್ತಾ? ನಮ್ಮ ಅಮ್ಮನನ್ನು ಬೀಳಿಸಿ, ಏನೂ ಆಗದವರ ಹಾಗೆ ಮನೆಗೆ ಹೋದ್ರಾ?"

"ಮುಕ್ತಾ, ನಾನು ಇದನ್ನು ಸರಿ ಮಾಡುವವರ ಹತ್ರ..."

"ನನ್ನ ಹೆಸರು ಹಿಡಿದು ಕರೀಬೇಡಿ! ನಿಮ್ಮನ್ನು ನಂಬಿದೆನಲ್ಲ, ನನ್ನ ಬುದ್ಧಿಗೆ ಹೊಡೀಬೇಕು. ಹೋಗಿ ಇಲ್ಲಿಂದ!"

ರಾಯರು ಡಿಸ್ಕನ್ನು ಎತ್ತಿ, ತಿರುಗಿಸಿ ಒಮ್ಮೆ ನೋಡಿ, ಕಶ್ಯಪನ ಕೈಗೆ ಕೊಟ್ಟರು. "ತಕ್ಕೊಂಡು ಹೋಗು ಮಾರಾಯ. ಏನಾದರೂ ಆದೀತಾ ನೋಡು," ಎಂದರು. ಅವರ ದನಿ ಅವರದೇ ಅನಿಸಲಿಲ್ಲ.

ಬಾಗಿಲು ಹಾಕಿದ ಮೇಲೆ ಮುಕ್ತಾ ಫೋನಿನಲ್ಲಿ ಅವನ ನಂಬರ್ ಬ್ಲಾಕ್ ಮಾಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ತಳ ಹಿಡಿದ ಪಾಯಸದ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಅವಳಿಗೆ ಎರಡು ದುಃಖ. ಒಂದನ್ನು ಹೇಳಿಕೊಳ್ಳಬಹುದಿತ್ತು. ಇನ್ನೊಂದನ್ನು ತನಗೆ ತಾನೇ ಒಪ್ಪಿಕೊಳ್ಳಲೂ ಆಗದು.

ಮನೆ ಆಮೇಲೆ ಬಹಳ ನಿಶ್ಶಬ್ದವಾಯಿತು. ಹೊಸ ಕಂಪ್ಯೂಟರ್ ಜೋಡಣೆಯಾಗಿ ನಿಂತಿತ್ತು. ಅದರೊಳಗೆ ಹೊಸ ಹಾರ್ಡ್ ಡಿಸ್ಕ್ ಖಾಲಿಯಾಗಿ ತಿರುಗುತ್ತಿತ್ತು. ಸದ್ದಿತ್ತು, ಅಮ್ಮ ಇರಲಿಲ್ಲ.

ದಶಮಿ ಕಳೆದ ಎಷ್ಟೋ ಸಂಜೆ ರಾಯರು ಆ ಕಡೆ ಸುಳಿಯಲೇ ಇಲ್ಲ. ಒಂದು ದಿನ ದೀಪ ಹಚ್ಚಿ ಬಂದು, ಮೊದಲಿನ ಕುರ್ಚಿಯಲ್ಲೇ ಕುಳಿತರು. ಯಾವ ಗುಂಡಿಯನ್ನೂ ಒತ್ತಲಿಲ್ಲ. ಹೊರಗೆ ಕಲ್ಯಾಣ್‌ಗೆ ಹೋಗುವ ಲೋಕಲ್ ರೈಲು ದಡದಡ ಎಂದು ಹೋಯಿತು. ಮತ್ತೆ ಮೌನ. ಅವರ ತಲೆ ತಾಳಕ್ಕೆ ಅಲ್ಲಾಡುತ್ತಿತ್ತು. ಬೆರಳು ತೊಡೆಯ ಮೇಲೆ ತಟ್ಟುತ್ತಿತ್ತು.

ಮುಕ್ತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಒಂದು ಗಳಿಗೆ ಕಳೆಯಿತು. ರಾಯರು ತಾಳ ನಿಲ್ಲಿಸಿದರು.

"ಹ್ಞಾ, ಬಂದೆ," ಎಂದರು.

ಎದ್ದು ಅಡುಗೆಮನೆಗೆ ಹೋದರು.

ಮನೆಯಲ್ಲಿ ಯಾವ ದನಿಯೂ ಇರಲಿಲ್ಲ. ಅಪ್ಪನಿಗೆ ಮಾತ್ರ ಕೇಳಿಸಿತ್ತು. ಮುಕ್ತಾ ಓಡಿಹೋಗಿ ಅವರ ತೋಳು ಹಿಡಿದುಕೊಂಡಳು.

"ಅಪ್ಪಾ... ಯಾರೂ ಕರೀಲಿಲ್ಲ ಅಪ್ಪಾ! ಅವನಿಂದ ಆದದ್ದು ಇದೆಲ್ಲ. ಆ ಕಶ್ಯಪನನ್ನು ನಾನು ಜನ್ಮದಲ್ಲಿ ಕ್ಷಮಿಸುವುದಿಲ್ಲ!"

ರಾಯರು ಒಲೆಯ ಗುಂಡಿಯಿಂದ ಕೈ ತೆಗೆದರು. ಬಹಳ ಹೊತ್ತು ಆ ಕೈಯನ್ನೇ ನೋಡಿದರು.

"ಆ ಹುಡುಗ ಸುಳ್ಳು ಹೇಳಿದ್ದು ಮಗಾ."

"ಎಂತ?"

"ನವಮಿಯ ದಿನ ನಾನು ಅದಕ್ಕೆ ಗಂಧ ಹಚ್ಚಿದ್ದೆ. ನೀನೇ ಆರತಿ ಹಿಡಿದಿದ್ದಿ. ಮರುದಿನ ಎತ್ತಿ ನೋಡ್ತೇನೆ, ಅದರ ಮೈಮೇಲೆ ಗಂಧ ಇಲ್ಲ, ಕುಂಕುಮ ಇಲ್ಲ. ಒರೆಸಿ ತೆಗೆದಿದ್ದಾನೆ. ಅವನ ಕೈಯಿಂದ ಬಿದ್ದು ಹಾಳಾದದ್ದಾದರೆ, ನಾನಿಟ್ಟ ಗಂಧ ಒರೆಸುವ ಕೆಲಸ ಅವನಿಗೆಂತಕ್ಕೆ?"

ಮುಕ್ತಾ ಮೇಜಿನ ಕಡೆ ಓಡಿದಳು. ಹೊಸ ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಸರಿಸಿ, ಫೋನಿನ ಬೆಳಕು ಬಿಟ್ಟು ಹಾರ್ಡ್ ಡಿಸ್ಕ್ ನೋಡಿದಳು. ಅದರ ಮೈಮೇಲೆ ಸಾಸಿವೆಯಷ್ಟು ಚಿಕ್ಕ ತೂತು. ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು: ಈ ತೂತನ್ನು ಮುಚ್ಚಬೇಡಿ. ಡಿಸ್ಕ್ ಉಸಿರಾಡುವ ಜಾಗ ಅದು. ಹಳೆಯದರಲ್ಲೂ ಇದ್ದಿರಲೇಬೇಕು. ಅಪ್ಪ ಹಣೆಯೆಂದು ಗಂಧವಿಟ್ಟದ್ದು ಅದರ ಮೂಗಿನ ಮೇಲೆ!

"ನಿಮಗೆ ಅವತ್ತೇ ಗೊತ್ತಿತ್ತಾ ಅಪ್ಪಾ? ನಾನು ಅವನಿಗೆ ಅಷ್ಟೆಲ್ಲ ಬೈಯುವಾಗ ಸುಮ್ಮನೆ ನಿಂತಿದ್ರಾ?"

"ನಿಂತಿದ್ದೆ." ರಾಯರ ಗಲ್ಲದ ಮೇಲೆ ನೀರಿಳಿಯಿತು. "ನನ್ನ ಹೆಂಡತಿಯ ದನಿ ನನ್ನ ಕೈಯಿಂದಲೇ ಹೋಯ್ತು ಅಂತ ಒಪ್ಪಿಕೊಳ್ಳಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ ಮಗಾ. ಅವನು ನನ್ನ ಮುಖ ನೋಡಿಯೇ ಆ ಸುಳ್ಳು ಹೇಳಿದ್ದು. ನಾನು ಅದನ್ನು ಹಾಗೆಯೇ ತಕ್ಕೊಂಡೆ. ಹೋಗು, ಅವನ ಹತ್ರ ಮಾತಾಡು. ನನ್ನದೂ ಒಂದು ಕ್ಷಮೆ ಕೇಳು."

ಮರುದಿನ ಮುಕ್ತಾ ಆಫೀಸಿಗೆ ರಜೆ ಹಾಕಿ ವಾಶಿಗೆ ಹೋದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕಶ್ಯಪ ಅವಳನ್ನು ಕಂಡು ಎದ್ದು ನಿಂತ. ಸೊರಗಿದ್ದ, ಗಡ್ಡ ಬಿಟ್ಟಿದ್ದ.

"ಸುಳ್ಳು ಯಾಕೆ ಹೇಳಿದ್ರಿ?"

ಅವನು ಮೊದಲು ಕೇಳಿದ್ದು ಒಂದೇ ಮಾತು. "ಅಂಕಲ್‌ಗೆ ಗೊತ್ತಾಯ್ತಾ?"

"ಅವತ್ತೇ ಗೊತ್ತಾಗಿದೆ. ನೀವು ಗಂಧ ಒರೆಸಿದ್ದು ಕಂಡಿದ್ದಾರೆ."

ಕಶ್ಯಪ ಹಾಗೆಯೇ ಸ್ಟೂಲಿನ ಮೇಲೆ ಕುಳಿತ. "ಅದಕ್ಕೇ ಒರೆಸಿದ್ದು, ಅವರಿಗೆ ಕಾಣಬಾರದು ಅಂತ... ಅದೇ ತಪ್ಪಾಯ್ತು. ಡಿಸ್ಕ್ ಹೇಗೂ ಹೋಗುವುದರಲ್ಲಿತ್ತು ಮುಕ್ತಾ. ಹಸಿ ಗಂಧದಿಂದಲೇ ಹೋಯ್ತು ಅಂತ ಯಾರೂ ಹೇಳಲಿಕ್ಕಾಗದು. ಆದ್ರೆ ಅವರು ಹಾಗೆಯೇ ಅಂದುಕೊಳ್ತಿದ್ರು."

"ಹಾಗಂತ ನಿಮ್ಮ ತಲೆ ಮೇಲೆ ಹಾಕ್ಕೊಳ್ಳುವುದಾ?"

"ನಿಮ್ಮ ಬೈಗುಳ ನಾನು ತಡ್ಕೊಳ್ಳಬಹುದು. ಅವರು ಅದೇ ಕೈಯಲ್ಲಿ ದಿನಾ ಊಟ ಮಾಡ್ಬೇಕಲ್ಲ?"

ಮುಕ್ತಾಳಿಗೆ ಇನ್ನು ತಡೆಯಲಾಗಲಿಲ್ಲ. ಕೌಂಟರಿನ ಗಾಜಿಗೆ ಹಣೆ ಆನಿಸಿ ಅತ್ತುಬಿಟ್ಟಳು.

"ಮತ್ತೆ ನನ್ನ ಗತಿ? ನಿಮ್ಮನ್ನು ದ್ವೇಷ ಮಾಡ್ಲಿಕ್ಕೆ ನಾನು ಎಷ್ಟು ಕಷ್ಟಪಟ್ಟೆ ಗೊತ್ತುಂಟಾ? ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ಶುರು ಮಾಡ್ಬೇಕಿತ್ತು... ಸಂಜೆಗೆ ಮರೆತುಹೋಗ್ತಿತ್ತು!"

ಅವನ ಕಣ್ಣಲ್ಲೂ ನೀರು. ಮೆಲ್ಲಗೆ ಕೈ ಚಾಚಿ ಅವಳ ತಲೆಯ ಮೇಲಿಟ್ಟ. ಅವಳು ಸರಿಯಲಿಲ್ಲ.

"ಒಂದು ನಿಮಿಷ ಇಲ್ಲಿ ಬನ್ನಿ," ಎಂದ ಆಮೇಲೆ.

ಡಿಸ್ಕನ್ನು ಅವನು ಸತ್ತ ಡಿಸ್ಕುಗಳಿಂದ ಮಾಹಿತಿ ಹೊರತೆಗೆಯುವವರಿಗೆ ಕೊಟ್ಟಿದ್ದ. ಅವರು ಅದನ್ನು ಬಿಚ್ಚಿ, ಸಿಕ್ಕಿದ್ದನ್ನು ಮೊನ್ನೆಯಷ್ಟೇ ಕಳಿಸಿದ್ದರು. ಹೇಳಬೇಕೆಂದರೆ ಫೋನ್ ಹೋಗುತ್ತಿರಲಿಲ್ಲ! ಬ್ಲಾಕ್ ಮಾಡಿದವಳು ಇವಳೇ ಅಲ್ಲವೇ!

ಕಶ್ಯಪ ಕೀಲಿ ಒತ್ತಿದ. ಕರಕರ ಸದ್ದಿಲ್ಲದೆ, ಯಾವ ಮುನ್ಸೂಚನೆಯೂ ಇಲ್ಲದೆ, ಅಮ್ಮ ಹಾಡತೊಡಗಿದರು. ಮುಕ್ತಾ ಬಾಯಿಗೆ ಸೆರಗು ಒತ್ತಿಕೊಂಡಳು. ಹಾಡು ಅಲ್ಲಲ್ಲಿ ತುಂಡಾಗುತ್ತಿತ್ತು. ಅಮ್ಮ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಓಡಾಡುತ್ತ ಹಾಡಿದ ಹಾಗೆ, ಬಂದು, ಹೋಗಿ, ಮತ್ತೆ ಬಂದರು.

"ಅರ್ಧಕ್ಕಿಂತ ಕಡಿಮೆ ಸಿಕ್ಕಿದ್ದು," ಎಂದ ಕಶ್ಯಪ. "ಆ ಕುಕ್ಕರಿನ ಮಾತು ಇತ್ತಲ್ಲ... ಅದು ಸಿಗಲೇ ಇಲ್ಲ. ಸಾರಿ."

ಆ ಮಾತು ಹೋಯಿತೆಂದು ಮುಕ್ತಾಳಿಗೆ ದುಃಖವಾಯಿತು. ಅದರ ಜೊತೆಗೇ, ಅಪ್ಪನನ್ನು ಒಲೆಯ ಕಡೆ ಕರೆಯುವ ಮಾತು ಇನ್ನಿಲ್ಲವೆಂದು ಎಲ್ಲೋ ಒಂದು ಕಡೆ ಹಗುರವೂ ಆಯಿತು. ಹಗುರವಾದದ್ದಕ್ಕೆ ಅಮ್ಮನ ಹತ್ತಿರ ಮನಸ್ಸಿನಲ್ಲೇ ತಪ್ಪಾಯಿತು ಎಂದಳು.

"ಸಿಕ್ಕಿದ್ದು ಸಾಕು," ಎಂದಳು ಕೊನೆಗೆ. "ಇದನ್ನು ಯಾವುದರಲ್ಲಿ ಇಡುವುದು? ನೀವೇ ಹೇಳಿ. ಈ ಸಲ ನೀವು ಹೇಳಿದ ಹಾಗೆ ಕೇಳ್ತೇನೆ."

"ನಿಮ್ಮ ಮನೆಯ ಹೊಸ ಹಾರ್ಡ್ ಡಿಸ್ಕಿನಲ್ಲಿ ಒಂದು. ಅಂಥದ್ದೇ ಇನ್ನೊಂದು ಡಿಸ್ಕಿನಲ್ಲಿ ಮತ್ತೊಂದು. ಆದ್ರೆ ಎರಡೂ ಒಂದೇ ಮನೆಯಲ್ಲಿ ಇಡಬಾರದು. ಒಂದಕ್ಕೆ ಏನಾದರೂ ಆದ್ರೆ ಇನ್ನೊಂದು ಉಳೀಬೇಕಲ್ಲ? ನಿಮಗೆ ನಂಬಿಕೆ ಇರುವವರ ಮನೆಯಲ್ಲಿ ಇಡಿ."

"ಹಾಗಾದ್ರೆ ನಿಮ್ಮ ಹತ್ರವೇ ಇರಲಿ."

ಕಶ್ಯಪ ತಲೆಯಾಡಿಸಿ, ಹೊಸ ಪೆಟ್ಟಿಗೆಯೊಂದನ್ನು ಒಡೆಯತೊಡಗಿದ. ಮುಕ್ತಾ ಅವನ ಕೈಗಳನ್ನೇ ನೋಡುತ್ತ ನಿಂತಳು. ಆಮೇಲೆ ಕೇಳಿಯೇಬಿಟ್ಟಳು.

"ಮುಂದೆ ಒಂದು ದಿನ ನೀವೇ ಡೊಂಬಿವಲಿಗೆ ಬಂದು ಇರುವ ಹಾಗಾದ್ರೆ? ಅಪ್ಪನನ್ನು ಬಿಟ್ಟು ಬರುವವಳಲ್ಲ ನಾನು. ಮೊದಲೇ ಹೇಳಿಬಿಡ್ತೇನೆ."

ಅವನ ಕೈ ಪೆಟ್ಟಿಗೆಯ ಮೇಲೆಯೇ ನಿಂತಿತು.

"ನಮ್ಮ ಮನೆಯಲ್ಲಿ ಅಣ್ಣ, ಅತ್ತಿಗೆ ಇದ್ದಾರೆ. ಅಮ್ಮ ಒಬ್ಬಳೇ ಆಗುವುದಿಲ್ಲ. ನಾನು ಬರ್ತೇನೆ," ಎಂದ. "ಆದ್ರೆ ಆಗ ಎರಡು ಡಿಸ್ಕೂ ಒಂದೇ ಮನೆಗೆ ಬಂತಲ್ಲ ಮುಕ್ತಾ?"

"ಹೌದಲ್ಲ... ಹಾಗಾದ್ರೆ ಎಂತ ಮಾಡುವುದು?"

"ಒಂದನ್ನು ನನ್ನ ಅಮ್ಮನ ಹತ್ರ ಬಿಟ್ಟು ಬರ್ತೇನೆ. ತನ್ನ ಬೀಗಿತ್ತಿ ಹೇಗೆ ಹಾಡ್ತಿದ್ರು ಅಂತ ಅವಳಿಗೂ ಗೊತ್ತಾಗ್ಬೇಕಲ್ಲ?"